ಕ್ಯೋಟೋದ ಇಸ್ಪೀಟು ಅಂಗಡಿ, ಹುಬ್ಬಳ್ಳಿಯ ಟೀವಿ ಆಟ

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಬಾಲ್ಯ ಕಳೆದವರಿಗೆ ಈ ದೃಶ್ಯ ನೆನಪಿರಬೇಕು. ಬೇಸಿಗೆ ರಜೆಯ ಮಧ್ಯಾಹ್ನ. ಹಿರಿಯರು ಉಂಡು ಅಡ್ಡಾಗಿದ್ದಾರೆ. ಪಡಸಾಲೆಯ ಟೀವಿಯ ಮುಂದೆ ಓಣಿಯ ಐದಾರು ಹುಡುಗರು ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ತಂತಿ ಜೋಡಿಸಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಅದು ನಡೆಯದಿದ್ದರೆ ಹೊರತೆಗೆದು, ಬಾಯಿಂದ ಜೋರಾಗಿ ಊದಿ, ಮತ್ತೆ ಹಾಕಬೇಕು. ಕೆಂಪು ಟೊಪ್ಪಿಗೆಯ ಮೀಸೆ ಮಾವನೊಬ್ಬ ಪರದೆಯ ಮೇಲೆ ಜಿಗಿಯುತ್ತ ಓಡುತ್ತಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಆಟ ಮತ್ತೆ ಮೊದಲಿನಿಂದ.

ಆ ಪೆಟ್ಟಿಗೆಗೆ ನಮ್ಮಲ್ಲಿ ಹೆಸರಿರಲಿಲ್ಲ. ಕೆಲವರಿಗೆ ಅದು 'ಟೀವಿ ಗೇಮ್', ಕೆಲವರಿಗೆ 'ವಿಡಿಯೋ ಗೇಮ್', ಇನ್ನು ಕೆಲವರಿಗೆ ಬರೀ 'ಮಾರಿಯೋ'. ಕ್ಯಾಸೆಟ್ಟಿನ ಮೇಲೆ 9999 ಆಟಗಳಿವೆ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅದನ್ನು ಮೂಲದಲ್ಲಿ ರೂಪಿಸಿದವರು ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಎಂಬ ಕಂಪೆನಿಯವರು ಎಂಬುದು ಆಡುತ್ತಿದ್ದ ಹುಡುಗರಿಗೆ ಗೊತ್ತಿರಲಿಲ್ಲ. ಇತ್ತ ಹುಡುಗರು ಆಡುತ್ತಿದ್ದ ಅದೇ ಕಾಲಕ್ಕೆ ಅತ್ತ ಆ ಕಂಪೆನಿ ತನ್ನ ಸಿಂಹಾಸನ ಕಳೆದುಕೊಳ್ಳುತ್ತಿತ್ತು ಎಂಬುದಂತೂ ದೂರದ ಮಾತು. ಅದು ಗೆದ್ದದ್ದು, ಸೋತದ್ದು ಮತ್ತು ಮರಳಿ ಗೆದ್ದದ್ದು ಆಧುನಿಕ ವ್ಯಾಪಾರದ ಇತಿಹಾಸದಲ್ಲಿ ಒಂದು ಒಳ್ಳೆಯ ಪಾಠ. ಆ ಪಾಠಕ್ಕೆ ಆಟದ ಗೀಳು ಇರಬೇಕೆಂದೇನಿಲ್ಲ.

ಹೂವಿನ ಎಲೆಗಳು

ನಿಂಟೆಂಡೊ ಹುಟ್ಟಿದ್ದು 1889ರ ಸೆಪ್ಟೆಂಬರಿನಲ್ಲಿ, ಇಸ್ಪೀಟು ಎಲೆಗಳ ಅಂಗಡಿಯಾಗಿ. ಫುಸಾಜಿರೊ ಯಾಮೌಚಿ ಎಂಬಾತ ಕೈಯಿಂದ ತಯಾರಿಸುತ್ತಿದ್ದ ಆ ಎಲೆಗಳಿಗೆ 'ಹನಾಫುದ' ಎಂದು ಹೆಸರು. ಹಾಗೆಂದರೆ ಹೂವಿನ ಎಲೆ. ಒಂದು ಕಟ್ಟಿನಲ್ಲಿ 48 ಎಲೆಗಳು. ವರ್ಷದ ಹನ್ನೆರಡು ತಿಂಗಳುಗಳಿಗೆ ತಲಾ ನಾಲ್ಕರಂತೆ, ಆಯಾ ತಿಂಗಳ ಹೂವು ಗಿಡಗಳ ಚಿತ್ರ. ಪೋರ್ಚುಗೀಸರು ಜಪಾನಿಗೆ ತಂದ ಇಸ್ಪೀಟನ್ನು ಜೂಜಿನ ಭಯದಿಂದ ಅಲ್ಲಿನ ಆಡಳಿತ ಮತ್ತೆ ಮತ್ತೆ ನಿಷೇಧಿಸಿದಾಗ, ಅಂಕಿಗಳನ್ನೇ ಬಿಟ್ಟು ಹೂವುಗಳನ್ನು ಬರೆದ ಎಲೆಗಳು ಬಳಕೆಗೆ ಬಂದವು. ಹೂವು ಬಂದರೂ ಜೂಜು ಹೋಗಲಿಲ್ಲ. ಪ್ರತಿ ಆಟಕ್ಕೂ ಹೊಸ ಕಟ್ಟು ಬೇಕೆನ್ನುವ ಜೂಜುಕೋರರೇ ಆ ಅಂಗಡಿಯ ಒಳ್ಳೆಯ ಗಿರಾಕಿಗಳಾದರು.

ಇದು ನಮಗೆ ತೀರ ಅಪರಿಚಿತ ಲೋಕವಲ್ಲ. ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ ನಮ್ಮಲ್ಲಿ ದಶಾವತಾರದ ವೇಷ ತೊಟ್ಟಿತು. ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಗಳಿಗೆ ಎಂಥ ಪ್ರೋತ್ಸಾಹ ಕೊಟ್ಟರೆಂಬುದು 'ಶ್ರೀತತ್ತ್ವನಿಧಿ'ಯನ್ನು ಬಲ್ಲವರಿಗೆ ಗೊತ್ತು. ಧಾರವಾಡದಿಂದ ಪಶ್ಚಿಮಕ್ಕೆ, ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲೂ ಗಂಜೀಫಾ ಬರೆಯುವ ಪರಂಪರೆ ಇದೆ. ವ್ಯತ್ಯಾಸ ಇಷ್ಟೇ. ನಮ್ಮ ಗಂಜೀಫಾ ಕಲಾವಿದರ ಕೈಯಲ್ಲಿ ಉಳಿದು ಗೋಡೆಯ ಚಿತ್ರವಾಯಿತು, ಕ್ಯೋಟೋದ ಅಂಗಡಿ ಕಾರ್ಖಾನೆಯಾಯಿತು.

1949ರಲ್ಲಿ ಸ್ಥಾಪಕನ ಮರಿಮಗ ಹಿರೋಶಿ ಯಾಮೌಚಿ, ಇನ್ನೂ ಇಪ್ಪತ್ತೊಂದರ ಹುಡುಗ, ಅಧಿಕಾರ ವಹಿಸಿಕೊಂಡ. 1953ರಲ್ಲಿ ಪ್ಲಾಸ್ಟಿಕ್ ಲೇಪದ ಎಲೆಗಳು ಬಂದವು. 1959ರಲ್ಲಿ ಡಿಸ್ನಿ ಚಿತ್ರಗಳ ಎಲೆಗಳು ಬಂದು ಇಸ್ಪೀಟು ಜೂಜಿನ ಕಟ್ಟೆಯಿಂದ ಮನೆಯೊಳಗೆ ಕಾಲಿಟ್ಟಿತು. ಬಳಿಕ ಟ್ಯಾಕ್ಸಿ, ದಿಢೀರ್ ಅನ್ನ ಎಂದು ಯಾಮೌಚಿ ಹಲವು ಕಡೆ ಕೈ ಹಾಕಿ ಸುಟ್ಟುಕೊಂಡ. ಕೊನೆಗೆ ಕೈಹಿಡಿದದ್ದು ಆಟಿಕೆಯೇ.

ಒಣಗಿದ ಕಟ್ಟಿಗೆಯ ತತ್ತ್ವ

1965ರಲ್ಲಿ ಕಾರ್ಖಾನೆಯ ಯಂತ್ರಗಳ ದುರಸ್ತಿ ನೋಡಿಕೊಳ್ಳಲು ಗುನ್‌ಪೇ ಯೊಕೋಯಿ ಎಂಬ ತರುಣ ಸೇರಿಕೊಂಡ. ಬಿಡುವಿನಲ್ಲಿ ಅವನು ಮಾಡಿಕೊಂಡಿದ್ದ, ಕತ್ತರಿಯಂತೆ ಚಾಚಿ ದೂರದ ವಸ್ತು ಹಿಡಿಯುವ ಆಟಿಕೆಯೊಂದನ್ನು ಯಜಮಾನ ಕಂಡ. ಬೈಯುವ ಬದಲು ಅದನ್ನೇ ಮಾರಾಟಕ್ಕೆ ಸಿದ್ಧಪಡಿಸು ಎಂದ. 1966ರ ಆ 'ಅಲ್ಟ್ರಾ ಹ್ಯಾಂಡ್' ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ದುರಸ್ತಿಯವ ಆಟಿಕೆಗಳ ಶಿಲ್ಪಿಯಾದ.

ಯೊಕೋಯಿಯ ಒಂದು ತತ್ತ್ವ ಈ ಕಥೆಗೆ ಕೀಲಿಕೈ. ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡ. ಬಳಸಿ ಬಳಸಿ ಗುಣದೋಷ ತಿಳಿದ, ಅಗ್ಗವಾದ ತಂತ್ರಜ್ಞಾನಕ್ಕೆ ಯಾರೂ ಯೋಚಿಸದ ಉಪಯೋಗ ಹುಡುಕು. ನಮ್ಮ ಬಡಿಗರು ಇದನ್ನು ಬೇರೆ ಮಾತಿನಲ್ಲಿ ಬಲ್ಲರು. ಹಸಿ ಕಟ್ಟಿಗೆಯಲ್ಲಿ ಬಾಗಿಲ ಚೌಕಟ್ಟು ಮಾಡಿದರೆ ಮುಂದಿನ ಬೇಸಿಗೆಗೆ ಅದು ಸೊಟ್ಟಗಾಗುತ್ತದೆ. ಒಣಗಿ ಮಾಗಿದ ಕಟ್ಟಿಗೆ ಮೋಸ ಮಾಡುವುದಿಲ್ಲ. ಎಪ್ಪತ್ತರ ದಶಕದಲ್ಲಿ ಜಪಾನಿನ ಕ್ಯಾಲ್ಕುಲೇಟರ್ ಕಂಪೆನಿಗಳು ಬೆಲೆ ಇಳಿಸುತ್ತ ಹೊಡೆದಾಡಿ ದ್ರವಸ್ಫಟಿಕದ ಪುಟ್ಟ ಪರದೆಗಳನ್ನು ಅಗ್ಗವಾಗಿಸಿದ್ದವು. ಅದೇ ಪರದೆಯನ್ನು ಎತ್ತಿಕೊಂಡು ಯೊಕೋಯಿ 1980ರಲ್ಲಿ ಜೇಬಿನ ಆಟ 'ಗೇಮ್ ಅಂಡ್ ವಾಚ್' ತಂದ. 1989ರ 'ಗೇಮ್ ಬಾಯ್' ಕೂಡ ಇದೇ ತತ್ತ್ವದ ಕೂಸು. ಪ್ರತಿಸ್ಪರ್ಧಿ ಸೆಗಾ ಕಂಪೆನಿಯ 'ಗೇಮ್ ಗಿಯರ್' ಬಣ್ಣದ ಪರದೆ ಹೊತ್ತು ಬಂತು. ಆದರೆ ಅದು ಆರು ಸೆಲ್ಲುಗಳನ್ನು ನಾಲ್ಕಾರು ತಾಸಿನಲ್ಲಿ ನುಂಗಿಬಿಡುತ್ತಿತ್ತು. ಬಣ್ಣವಿಲ್ಲದ ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಲ್ಲಿ ಹತ್ತಾರು ತಾಸು ನಡೆಯಿತು. ಮುಂದೆ ಬಂದ ಬಣ್ಣದ ಆವೃತ್ತಿಯೂ ಸೇರಿ ಅದರ ಮಾರಾಟ 11.8 ಕೋಟಿ ದಾಟಿತು.

ಬೀಗವಿಲ್ಲದ ಬಾಗಿಲು

1983ರ ಜುಲೈ 15ರಂದು ನಿಂಟೆಂಡೊ ಜಪಾನಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಮನೆಯಾಟದ ಯಂತ್ರ ಬಿಡುಗಡೆ ಮಾಡಿತು. ಬೆಲೆ 14,800 ಯೆನ್. ಜನ ಅದನ್ನು ಮೊಟಕುಗೊಳಿಸಿ 'ಫ್ಯಾಮಿಕಾಮ್' ಎಂದರು. ಅದೇ ವರ್ಷ ಅಮೆರಿಕದಲ್ಲಿ ಈ ಉದ್ಯಮ ಕುಸಿಯುತ್ತಿತ್ತು. ಅಲ್ಲಿನ ದೈತ್ಯ ಅಟಾರಿಯ ಯಂತ್ರಕ್ಕೆ ಯಾರು ಬೇಕಾದರೂ ಆಟ ಮಾಡಿ ಮಾರಬಹುದಿತ್ತು. ಕಳಪೆ ಆಟಗಳ ಪ್ರವಾಹದಲ್ಲಿ ಗಿರಾಕಿಗಳ ನಂಬಿಕೆ ಕೊಚ್ಚಿಹೋಯಿತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಟಾರಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊದಲ್ಲಿ ನೆಲದಲ್ಲಿ ಹೂಳಿತು. ಅದು ಕಟ್ಟುಕಥೆಯೆಂದೇ ಹಲವರು ತಿಳಿದಿದ್ದರು. 2014ರಲ್ಲಿ ಅಗೆದಾಗ ಕ್ಯಾಸೆಟ್ಟುಗಳು ಸಿಕ್ಕವು.

ಈ ಗೋರಿಯ ಮೇಲೆ ನಿಂಟೆಂಡೊ ಮನೆ ಕಟ್ಟಿತು. 1985ರಲ್ಲಿ ಅಮೆರಿಕಕ್ಕೆ ಹೋದಾಗ 'ವಿಡಿಯೋ ಗೇಮ್' ಎಂದರೆ ಅಂಗಡಿಯವರು ಮುಖ ತಿರುಗಿಸುವರೆಂದು ಜೊತೆಗೊಂದು ಪುಟ್ಟ ರೋಬೋ ಇಟ್ಟು ಆಟಿಕೆಯೆಂದು ಮಾರಿತು. ಅಮೆರಿಕದ ಯಂತ್ರದೊಳಗೆ ಬೀಗದಂಥ ಒಂದು ಚಿಪ್ ಇತ್ತು. ಕ್ಯಾಸೆಟ್ಟಿನಲ್ಲಿ ಅದಕ್ಕೆ ಹೊಂದುವ ಕೀಲಿಯ ಚಿಪ್ ಇಲ್ಲದಿದ್ದರೆ ಆಟ ನಡೆಯುತ್ತಿರಲಿಲ್ಲ. ಹೊರಗಿನ ಕಂಪೆನಿಯೊಂದು ವರ್ಷಕ್ಕೆ ಐದೇ ಆಟ ತರಬೇಕು, ಕ್ಯಾಸೆಟ್ಟು ತಯಾರಿಕೆ ನಿಂಟೆಂಡೊ ಮೂಲಕವೇ ಆಗಬೇಕು. ಗುಣಮಟ್ಟ ಉಳಿಯಿತು, ಹಿಡಿತವೂ ಬಿಗಿಯಾಯಿತು. ಜಗತ್ತಿನಾದ್ಯಂತ 6.19 ಕೋಟಿ ಯಂತ್ರಗಳು ಮಾರಾಟವಾದವು.

ಆದರೆ 1983ರ ಜಪಾನೀ ಯಂತ್ರಕ್ಕೆ ಆ ಬೀಗ ಇರಲಿಲ್ಲ. ಅದರ ಒಳಗಿನ ಸಂಸ್ಕಾರಕವೂ 1975ರ ಅಗ್ಗದ ವಿನ್ಯಾಸವೊಂದನ್ನು ಆಧರಿಸಿದ್ದು. ತೈವಾನ್, ಚೀನಾದ ತಯಾರಕರು ನಕಲು ಮಾಡಿದ್ದು ಈ ಬೀಗವಿಲ್ಲದ ಯಂತ್ರವನ್ನು. ನಮ್ಮ ಪಡಸಾಲೆಗಳಿಗೆ ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆ ನಕಲಿನ ಸಂತಾನ. ಅಮೆರಿಕದ ಮಗುವಿಗೆ ಮುಚ್ಚಿದ್ದ ಬಾಗಿಲು ಹುಬ್ಬಳ್ಳಿಯ ಮಗುವಿಗೆ ತೆರೆದದ್ದು ಹೀಗೆ. ಕಂಪೆನಿಗೆ ಅದರಿಂದ ಒಂದು ಪೈಸೆಯೂ ಹೋಗಲಿಲ್ಲ. ನಮ್ಮ ಹುಡುಗರು ಅದರ ಯಾವ ಲೆಕ್ಕಪುಸ್ತಕದಲ್ಲೂ ಸೇರಲಿಲ್ಲ.

ತಾನೇ ಬೆಳೆಸಿದ ವೈರಿ

ಗೆದ್ದವನಿಗೆ ಕಿವಿ ಮಂದವಾಗುತ್ತದೆ. 1988ರಲ್ಲಿ ಸೆಗಾ ಹೆಚ್ಚು ಶಕ್ತಿಯ ಯಂತ್ರ ತಂದಿತು, 1991ರಲ್ಲಿ 'ಸೋನಿಕ್' ಎಂಬ ನೀಲಿ ಮುಳ್ಳುಹಂದಿಯನ್ನು ಓಡಿಸಿತು. ನಿಂಟೆಂಡೊ ತನ್ನ 'ಸೂಪರ್' ಯಂತ್ರದಿಂದ ಅದನ್ನು ಹೇಗೋ ಎದುರಿಸಿತು. ದೊಡ್ಡ ಪೆಟ್ಟು ಬಿದ್ದದ್ದು ಗೆಳೆಯನಿಂದ. ಆ 'ಸೂಪರ್' ಯಂತ್ರದ ಧ್ವನಿಯ ಚಿಪ್ ರೂಪಿಸಿದವನು ಸೋನಿ ಕಂಪೆನಿಯ ಎಂಜಿನಿಯರ್ ಕೆನ್ ಕುತರಾಗಿ. ಅದಕ್ಕೆ ಸಿ.ಡಿ. ಜೋಡಿಸುವ ಒಪ್ಪಂದವೂ ಎರಡು ಕಂಪೆನಿಗಳ ನಡುವೆ ಆಗಿತ್ತು. 1991ರ ಜೂನಿನಲ್ಲಿ ಷಿಕಾಗೊದ ಮೇಳದಲ್ಲಿ ಸೋನಿ ಆ ಜಂಟಿ ಯಂತ್ರವನ್ನು ಪ್ರಕಟಿಸಿತು. ಮರುದಿನವೇ ನಿಂಟೆಂಡೊ, ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಸಾರಿತು. ಸಿ.ಡಿ. ಆಟಗಳ ಹಕ್ಕು ಸೋನಿಯ ಕೈ ಸೇರುತ್ತದೆಂಬ ಭಯ ಅದರ ಹಿಂದಿತ್ತು. ತುಂಬಿದ ಸಭೆಯಲ್ಲಾದ ಅವಮಾನ ಅದು. ಕುತರಾಗಿ ಸುಮ್ಮನಾಗಲಿಲ್ಲ. 1994ರ ಡಿಸೆಂಬರ್ 3ರಂದು ಸೋನಿಯ ಸ್ವಂತ 'ಪ್ಲೇಸ್ಟೇಷನ್' ಬಂತು.

1996ರಲ್ಲಿ ನಿಂಟೆಂಡೊ ತನ್ನ ಹೊಸ 'ನಿಂಟೆಂಡೊ 64' ತಂದಾಗಲೂ ಕ್ಯಾಸೆಟ್ಟಿಗೇ ಅಂಟಿಕೊಂಡಿತು. ಕ್ಯಾಸೆಟ್ಟು ಬೇಗ ತೆರೆದುಕೊಳ್ಳುತ್ತದೆ, ಗಟ್ಟಿ, ಕದಿಯುವುದು ಕಷ್ಟ ಎಂಬುದೆಲ್ಲ ನಿಜ. ಆದರೆ ಅದರ ತಯಾರಿಕೆ ದುಬಾರಿ, ಜಾಗ ಕಡಿಮೆ. ಹೆಚ್ಚೆಂದರೆ 64 ಮೆಗಾಬೈಟ್. ಸಿ.ಡಿ.ಯಲ್ಲಿ ಅದರ ಹತ್ತು ಪಟ್ಟು ಹಿಡಿಯುತ್ತಿತ್ತು. ವರ್ಷಗಳಿಂದ ಜೊತೆಗಿದ್ದ ಸ್ಕ್ವೇರ್ ಕಂಪೆನಿ ತನ್ನ 'ಫೈನಲ್ ಫ್ಯಾಂಟಸಿ' ಸರಣಿಯ ಏಳನೆಯ ಕಂತನ್ನು 1997ರಲ್ಲಿ ಮೂರು ಸಿ.ಡಿ.ಗಳಲ್ಲಿ ಸೋನಿಗೆ ಕೊಟ್ಟಿತು. ಪ್ಲೇಸ್ಟೇಷನ್ 10 ಕೋಟಿ ದಾಟಿತು, ನಿಂಟೆಂಡೊ 64 ನಿಂತದ್ದು 3.29 ಕೋಟಿಗೆ.

ಯೊಕೋಯಿ ಕೂಡ ಎಡವಿದ. ಅವನ 1995ರ 'ವರ್ಚುವಲ್ ಬಾಯ್' ಮುಗ್ಗರಿಸಿತು. ಮರುವರ್ಷ ಅವನು ಕಂಪೆನಿ ಬಿಟ್ಟ, 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. 2000ದಲ್ಲಿ ಬಂದ ಸೋನಿಯ ಎರಡನೆಯ ಯಂತ್ರ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ನಿಂಟೆಂಡೊದ 'ಗೇಮ್‌ಕ್ಯೂಬ್' 2.17 ಕೋಟಿಗೆ ಕುಸಿಯಿತು. 2001ರಲ್ಲಷ್ಟೇ ಕಣಕ್ಕಿಳಿದ ಮೈಕ್ರೋಸಾಫ್ಟ್ ಕೂಡ ಅದನ್ನು ಹಿಂದಿಕ್ಕಿತು. ಅದೇ ವರ್ಷ ಸೆಗಾ ಯಂತ್ರ ತಯಾರಿಕೆಯನ್ನೇ ಬಿಟ್ಟಿತು. ಮುಂದಿನ ಸರದಿ ನಿಂಟೆಂಡೊದ್ದು ಎಂದು ಬರೆದವರಿಗೆ ಕೊರತೆ ಇರಲಿಲ್ಲ.

ಆಡದವರನ್ನು ಹುಡುಕಿಕೊಂಡು

2002ರಲ್ಲಿ ಹಿರೋಶಿ ಯಾಮೌಚಿ ನಿವೃತ್ತನಾದ. ಮೂರು ತಲೆಮಾರು ಕಳೆದ ಮೇಲೆ ಮೊದಲ ಬಾರಿಗೆ ಮನೆತನದ ಹೊರಗಿನವನೊಬ್ಬ ಅಧ್ಯಕ್ಷನಾದ: ಸತೋರು ಇವಾಟಾ, 42 ವರ್ಷದ ಪ್ರೋಗ್ರಾಮರ್. ಅವನಿಗೆ ಸೋಲಿನ ಪರಿಚಯ ಚೆನ್ನಾಗಿತ್ತು. 1993ರಲ್ಲಿ ಸಾಲದಲ್ಲಿ ಮುಳುಗಿದ್ದ 'ಹಾಲ್' ಎಂಬ ಚಿಕ್ಕ ಕಂಪೆನಿಯ ಹೊಣೆ ಹೊತ್ತು ಅದನ್ನು ದಡ ಸೇರಿಸಿದ್ದ.

ಇವಾಟಾ ಕೇಳಿಕೊಂಡ ಪ್ರಶ್ನೆಯೇ ಬೇರೆ. ಸೋನಿ, ಮೈಕ್ರೋಸಾಫ್ಟ್‌ಗಳ ಗಿರಾಕಿಗಳನ್ನು ಕಸಿಯುವುದು ಹೇಗೆ ಎಂದು ಅವನು ಕೇಳಲಿಲ್ಲ. ಆಟವನ್ನೇ ಆಡದ ಜನ ಯಾಕೆ ಆಡುತ್ತಿಲ್ಲ ಎಂದು ಕೇಳಿದ. ವರ್ಷದಿಂದ ವರ್ಷಕ್ಕೆ ಯಂತ್ರಗಳ ಶಕ್ತಿ ಏರುತ್ತಿತ್ತು, ಚಿತ್ರಗಳು ಚೆಂದವಾಗುತ್ತಿದ್ದವು. ಅದರ ಜೊತೆಗೆ ಹಿಡಿಕೆಯ ಮೇಲಿನ ಗುಂಡಿಗಳೂ ಹೆಚ್ಚುತ್ತಿದ್ದವು. ಅಷ್ಟು ಗುಂಡಿಗಳನ್ನು ಕಂಡೊಡನೆ ತಾಯಿ, ಅಜ್ಜ, ಚಿಕ್ಕ ಮಗು ಎಲ್ಲರೂ 'ನನಗಲ್ಲ ಇದು' ಎಂದು ಕೈಬಿಡುತ್ತಿದ್ದರು. ಅವಳಿ ನಗರದ ನಡುವೆ ದಿನವೂ ಓಡಾಡುವವನು ಬಸ್ಸಿನ ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ ಎಂದು ಕೇಳುವುದಿಲ್ಲ. ಹತ್ತಲು ಸುಲಭವೇ, ಕೂರಲು ಜಾಗವಿದೆಯೇ, ಟಿಕೆಟ್ಟು ಎಷ್ಟು ಎಂದು ಕೇಳುತ್ತಾನೆ. ಆಟದ ಉದ್ಯಮ ಮಾತ್ರ ಎಂಜಿನ್ನಿನ ಮಾತನ್ನೇ ಆಡುತ್ತಿತ್ತು.

2004ರಲ್ಲಿ ಎರಡು ಪರದೆಗಳ, ಕಡ್ಡಿಯಿಂದ ಮುಟ್ಟಿ ಆಡುವ 'ಡಿ.ಎಸ್.' ಎಂಬ ಕೈಯಂತ್ರ ಬಂತು. ಅಕ್ಷರ ಬರೆಯಲು ಬಂದರೆ ಸಾಕು, ಆಡಲು ಬರುತ್ತಿತ್ತು. 2005ರಲ್ಲಿ ನರವಿಜ್ಞಾನಿ ರ್‍ಯೂತಾ ಕವಾಶಿಮಾ ಅವರ ಕೆಲಸ ಆಧರಿಸಿ ಬಂದ ಲೆಕ್ಕ, ಓದು, ನೆನಪಿನ ಪುಟ್ಟ ಅಭ್ಯಾಸಗಳ ಆಟ ಜಪಾನಿನ ಹಿರಿಯರನ್ನೂ ಸೆಳೆಯಿತು. ಸೋನಿಯ ಹೆಚ್ಚು ಬಲಶಾಲಿ ಕೈಯಂತ್ರ ಎಂಟು ಕೋಟಿಯ ಆಸುಪಾಸಿನಲ್ಲಿ ನಿಂತರೆ ಡಿ.ಎಸ್. 15.4 ಕೋಟಿ ಮುಟ್ಟಿತು.

ನಿಜವಾದ ಮರಳಿಕೆ 2006ರ ನವೆಂಬರಿನದು. ಸೋನಿಯ ಮೂರನೆಯ ಯಂತ್ರ ಅಮೆರಿಕದಲ್ಲಿ 499 ಮತ್ತು 599 ಡಾಲರಿಗೆ ಬಂತು. ಹೊಸ ಬಗೆಯ ಸಂಸ್ಕಾರಕ, ಹೊಸ ಬಗೆಯ ಡಿಸ್ಕು, ಎಲ್ಲವೂ ಹಸಿ ಕಟ್ಟಿಗೆ. ಅಷ್ಟು ಬೆಲೆಗೂ ಪ್ರತಿ ಯಂತ್ರ ಆರಂಭದಲ್ಲಿ ನಷ್ಟಕ್ಕೇ ಹೋಗುತ್ತಿತ್ತು. ಮೈಕ್ರೋಸಾಫ್ಟ್‌ನ ಯಂತ್ರಗಳು ಕೆಟ್ಟು ನಿಲ್ಲತೊಡಗಿ, 2007ರಲ್ಲಿ ಅವುಗಳ ದುರಸ್ತಿಗೆಂದು ಆ ಕಂಪೆನಿ ನೂರು ಕೋಟಿ ಡಾಲರಿಗೂ ಹೆಚ್ಚು ಮೊತ್ತ ತೆಗೆದಿಡಬೇಕಾಯಿತು. ನಿಂಟೆಂಡೊದ 'ವೀ' ಯಂತ್ರದ ಬೆಲೆ 250 ಡಾಲರ್. ಒಳಗಿದ್ದದ್ದು ಸೋತ ಗೇಮ್‌ಕ್ಯೂಬಿನ ವಂಶದ ಚಿಪ್ಪುಗಳೇ. ಹೊಸತು ಒಂದೇ: ಟೀವಿಯ ರಿಮೋಟಿನಂತೆ ಒಂದೇ ಕೈಯಲ್ಲಿ ಹಿಡಿಯುವ ಹಿಡಿಕೆ, ಅದರೊಳಗೆ ಕೈಯ ಚಲನೆ ಗುರುತಿಸುವ ಅಗ್ಗದ ಸಂವೇದಕ. ಟೆನಿಸ್ ಆಡಬೇಕೇ? ಕೈ ಬೀಸು. ಚೆಂಡು ಉರುಳಿಸಬೇಕೇ? ಉರುಳಿಸಿದಂತೆ ಮಾಡು. ನಿಯಮ ಹೇಳಿಕೊಡಬೇಕಿರಲಿಲ್ಲ. ವೃದ್ಧಾಶ್ರಮಗಳಲ್ಲೂ ಅದರ ಪಂದ್ಯಗಳು ನಡೆದವು. ಒಟ್ಟು 10.16 ಕೋಟಿ 'ವೀ'ಗಳು ಮನೆ ಸೇರಿದವು. ಆ ಸುತ್ತಿನಲ್ಲಿ ಸೋನಿಗಾಗಲೀ ಮೈಕ್ರೋಸಾಫ್ಟ್‌ಗಾಗಲೀ ಹತ್ತು ಕೋಟಿ ಮುಟ್ಟಲಾಗಲಿಲ್ಲ. ಮೂರನೆಯವನು ಮೊದಲಿಗನಾಗಿದ್ದ.

ಗೆಲುವಿನ ನಂತರದ ಪರೀಕ್ಷೆ

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬರೀ ಜಾಣತನದ ಕಥೆಯಾಗುತ್ತಿತ್ತು. ಆಡದವರನ್ನು ಕರೆತಂದವನಿಗೆ ಅವರನ್ನು ಉಳಿಸಿಕೊಳ್ಳುವ ಕಷ್ಟವೂ ಬಂತು. 2007ರ ನಂತರ ಮುಟ್ಟುವ ಪರದೆಯ ಫೋನುಗಳು ಬಂದು ಪುಟ್ಟ ಆಟಗಳು ಬಿಟ್ಟಿಯಾಗಿ ಸಿಗತೊಡಗಿದವು. 2011ರ ಹೊಸ ಕೈಯಂತ್ರದ ಬೆಲೆಯನ್ನು ಜಪಾನಿನಲ್ಲಿ ಆರೇ ತಿಂಗಳಲ್ಲಿ 25,000 ಯೆನ್ನಿನಿಂದ 15,000ಕ್ಕೆ ಇಳಿಸಬೇಕಾಯಿತು. 2012ರ 'ವೀ ಯು' ಯಂತ್ರ ಹಳೆಯದರ ಬಿಡಿಭಾಗವೋ ಹೊಸ ಯಂತ್ರವೋ ಎಂಬುದೇ ಜನಕ್ಕೆ ತಿಳಿಯದೆ 1.36 ಕೋಟಿಗೆ ಸೋತಿತು. ಇದು ಹಿಂದಿನ ಗೇಮ್‌ಕ್ಯೂಬಿಗಿಂತ ದೊಡ್ಡ ಸೋಲು.

ಆಗ ಇವಾಟಾ ನಡೆದುಕೊಂಡ ರೀತಿ ನೆನಪಿಡುವಂಥದು. ನೌಕರರನ್ನು ತೆಗೆದು ಲೆಕ್ಕ ಸರಿದೂಗಿಸಿ ಎಂಬ ಸಲಹೆಯನ್ನು ಅವನು ಒಪ್ಪಲಿಲ್ಲ. ನಾಳೆ ತನ್ನ ಕೆಲಸ ಹೋದೀತೆಂದು ಹೆದರುವವನು ಜನರನ್ನು ಸಂತೋಷಪಡಿಸುವ ಆಟ ಮಾಡಲಾರ ಎಂಬುದು ಅವನ ವಾದದ ಸಾರ. 2011ರಲ್ಲಿ, ಮತ್ತೆ 2014ರಲ್ಲಿ ಅವನು ಕತ್ತರಿಸಿಕೊಂಡದ್ದು ತನ್ನ ಸಂಬಳವನ್ನು, ಅರ್ಧದಷ್ಟು. ಒಳ್ಳೆಯ ದಿನಗಳಲ್ಲಿ ಕೂಡಿಟ್ಟ ಹಣ ಕಂಪೆನಿಯ ಬೆನ್ನಿಗಿತ್ತು ಎಂಬುದನ್ನೂ ಹೇಳಬೇಕು. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಟ್ಟ ರೈತನಿಗೆ ಮಾತ್ರ ಆಳುಗಳನ್ನು ಉಳಿಸಿಕೊಳ್ಳುವ ಧೈರ್ಯ ಬರುತ್ತದೆ.

ಫಲ ನೋಡಲು ಇವಾಟಾ ಉಳಿಯಲಿಲ್ಲ. 2015ರ ಜುಲೈ 11ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಕಾಲದಲ್ಲಿ ಆರಂಭವಾಗಿದ್ದ 'ಸ್ವಿಚ್' 2017ರ ಮಾರ್ಚ್ 3ರಂದು ಮಾರುಕಟ್ಟೆಗೆ ಬಂತು. ಮನೆಯಲ್ಲಿ ಟೀವಿಗೆ ಜೋಡಿಸಬಹುದು, ಹೊರಟಾಗ ಕೈಯಲ್ಲಿ ಹಿಡಿದು ಹೋಗಬಹುದು. ಮತ್ತೆ ಅದೇ ತತ್ತ್ವ: ಒಳಗಿನ ಚಿಪ್ 2015ರದು, ಉಪಯೋಗ ಹೊಸದು. ಅದು 15 ಕೋಟಿ ದಾಟಿತು. 2025ರ ಜೂನ್ 5ರಂದು ಬಂದ 'ಸ್ವಿಚ್ 2' ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷ ಮಾರಾಟವಾಯಿತು.

ಹಾಗೆ ನೋಡಿದರೆ ಈ ಕಂಪೆನಿ ಮರಳಿದ್ದು ಒಮ್ಮೆ ಅಲ್ಲ, ಎರಡು ಸಲ. ಎರಡು ಸಲವೂ ಅದು ಎದುರಾಳಿಯ ಅಖಾಡದಲ್ಲಿ ಕುಸ್ತಿಗೆ ಇಳಿಯಲಿಲ್ಲ. ಬೇರೆ ಕಣ ತೋಡಿಕೊಂಡಿತು. ಸೋತದ್ದು ಮಾತ್ರ ತನ್ನ ಹಿಂದಿನ ಗೆಲುವನ್ನೇ ನಿಯಮವೆಂದು ನಂಬಿದಾಗ. ಕ್ಯಾಸೆಟ್ಟು ಗೆಲ್ಲಿಸಿತ್ತು, ಕ್ಯಾಸೆಟ್ಟಿನಿಂದಲೇ ಸೋತಿತು. 'ವೀ' ಎಂಬ ಹೆಸರು ಗೆಲ್ಲಿಸಿತ್ತು, ಆ ಹೆಸರನ್ನೇ ಮತ್ತೆ ಅಂಟಿಸಿ ಸೋತಿತು.

ನಮಗೆ ಇದರಲ್ಲಿ ಇನ್ನೊಂದು ಮಾತೂ ಇದೆ. ಜೂಜಿನ ಎಲೆಯಿಂದ ಹೊರಟ ಅಂಗಡಿಯೊಂದು ನೂರಕ್ಕೂ ಹೆಚ್ಚು ವರ್ಷ ನಡೆದು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಆಡುವ ಆಟಕ್ಕೆ ಬಂದು ನಿಂತಿತು. ನಮ್ಮ ಫೋನುಗಳ ಆಟ ಎದುರು ದಿಕ್ಕಿಗೆ ನಡೆದು, ಆಟದ ವೇಷದ ಜೂಜು ಎಷ್ಟು ಬೆಳೆಯಿತೆಂದರೆ 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಸಂಸತ್ತು ಕಾನೂನು ಮಾಡಬೇಕಾಯಿತು. ಆಟ ಎತ್ತ ಹೋಗಬೇಕೆಂಬುದು ಯಂತ್ರದ ಶಕ್ತಿಯಿಂದ ತೀರ್ಮಾನವಾಗುವುದಿಲ್ಲ, ಮಾಡುವವನ ಮನಸ್ಸಿನಿಂದ ಆಗುತ್ತದೆ.

ಅಂದು ಪಡಸಾಲೆಯಲ್ಲಿ ಕ್ಯಾಸೆಟ್ಟು ಊದುತ್ತಿದ್ದ ಹುಡುಗರಿಗೆ ಈಗ ನಲವತ್ತರ ಆಸುಪಾಸು. ಅವರ ಅಟ್ಟದ ಯಾವುದೋ ಮೂಲೆಯಲ್ಲಿ ಆ ಹೆಸರಿಲ್ಲದ ಪೆಟ್ಟಿಗೆ ಇನ್ನೂ ಇರಬಹುದು. ಅಂದು ಎರಡು ಹಿಡಿಕೆಗೆ ಆರು ಜನ. ಸತ್ತವನು ಹಿಡಿಕೆಯನ್ನು ಪಕ್ಕದವನಿಗೆ ಕೊಟ್ಟು ತನ್ನ ಪಾಳಿಗೆ ಕಾಯಬೇಕಿತ್ತು. ಕ್ಯೋಟೋದ ಅಂಗಡಿ ಎರಡು ಸಲ ಕಾದು, ಎರಡು ಸಲವೂ ತನ್ನ ಪಾಳಿ ಮರಳಿ ಪಡೆಯಿತು.